ಅಭಿನಂದನೆಯ ಪೋಸ್ಟರಿನಲ್ಲಿ ಇಲ್ಲದ ಆಟ

ಕಾಲೇಜು ಕ್ರೀಡೆಗೆ ಸಾಮಾಜಿಕ ಜಾಲತಾಣಗಳು ಮರುಜೀವ ಕೊಟ್ಟಿವೆ ಎಂಬ ಮಾತನ್ನು ಈಗ ವಿಚಾರ ಸಂಕಿರಣಗಳಲ್ಲಿ ಯಾರೂ ಪ್ರಶ್ನಿಸುತ್ತಿಲ್ಲ. ಸಣ್ಣ ಊರಿನ ಕಾಲೇಜು ಕೂಡ ಒಂದು ವೆಬ್‌ಸೈಟು, ಒಂದು ಫೇಸ್‌ಬುಕ್ ಪುಟ, ಒಂದು ಇನ್‌ಸ್ಟಾಗ್ರಾಂ ಖಾತೆ ಇಟ್ಟುಕೊಂಡು ತನ್ನ ಆಟಗಾರರನ್ನು ಲೋಕಕ್ಕೆ ತೋರಿಸಬಲ್ಲದು, ಇನ್ನು ಪ್ರತಿಭೆ ಮೂಲೆಯಲ್ಲಿ ಉಳಿಯುವುದಿಲ್ಲ ಎನ್ನುತ್ತಾರೆ. ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್, ಪಕ್ಕದ ಬಂಗಾರಪೇಟೆಯ ಕಡೆಯಿಂದ ನೋಡಿದವರಿಗೆ ಈ ಹೊಗಳಿಕೆ ತೀರಾ ಅತಿಯೆನಿಸುತ್ತದೆ. ಆ ಪುಟಗಳಿಂದ ಪ್ರಚಾರ ಸಿಗುತ್ತಿರುವುದು ಕಾಲೇಜಿಗೆ. ಆಟಗಾರನಿಗೆ ಸಿಗುವುದು ಕಡಿಮೆ. ಆಟಕ್ಕೆ ಇನ್ನೂ ಕಡಿಮೆ.

ಈ ಸೀಮೆಯ ಕ್ರೀಡಾ ಪರಂಪರೆಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ನಂದಿದುರ್ಗ, ಚಾಂಪಿಯನ್ ರೀಫ್, ಉರಿಗಾಂ, ಮಾರಿಕುಪ್ಪಂ ಕಾಲೊನಿಗಳ ಹುಡುಗರಿಗೆ ಫುಟ್‌ಬಾಲ್ ಮತ್ತು ಹಾಕಿ ಗಣಿಯ ಸೈರನ್ನಿನಷ್ಟೇ ಪರಿಚಿತವಾಗಿದ್ದವು. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಓಡಿದರು, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಗಣಿ ಕಂಪನಿ ಆಟಗಾರರಿಗೆ ಕೊಡುತ್ತಿದ್ದ ಆಶ್ರಯವೂ ಅಲ್ಲಿಗೆ ಮುಗಿಯಿತು. ಈಗ ಇಲ್ಲಿ ಹದಿನೆಂಟು ದಾಟಿದ ಆಟಗಾರನಿಗೆ ಉಳಿದಿರುವ ದೊಡ್ಡ ಆಸರೆ ಕಾಲೇಜು. ಪದವಿ ಕಾಲೇಜುಗಳು 2017ರಲ್ಲಿ ಶುರುವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಅಡಿಯಲ್ಲಿ ಆಡುತ್ತವೆ, ಎಂಜಿನಿಯರಿಂಗಿನವರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿ. ಕಾಲೇಜು ತನ್ನ ಆಟಗಾರನ ಬಗ್ಗೆ ಏನು ಹೇಳುತ್ತದೆ, ಏನು ಬಿಡುತ್ತದೆ ಎಂಬುದು ಆದ್ದರಿಂದಲೇ ಇಲ್ಲಿ ಬೆಂಗಳೂರಿಗಿಂತ ಹೆಚ್ಚು ತೂಕದ ವಿಷಯ.

ಎಲ್ಲ ಬಗೆಯ ಪ್ರಚಾರವನ್ನೂ ಒಂದೇ ಬರಹದಲ್ಲಿ ತೂಗಲಾಗದು. ಎಲ್ಲರೂ ಬಳಸುವ, ಎಲ್ಲರೂ ಮೆಚ್ಚುವ ಒಂದೇ ರೂಪವನ್ನು ತೆಗೆದುಕೊಳ್ಳುತ್ತೇನೆ: ಅಭಿನಂದನೆಯ ಪೋಸ್ಟರ್. ಕಾಲೇಜು ಯಾವುದೇ ಇರಲಿ, ಅದರ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಮೇಲೆ ಕಾಲೇಜಿನ ಲಾಂಛನ, ಅದರ ಪಕ್ಕದಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಟ್ಟ ಶ್ರೇಣಿ, ಕೆಳಗೆ ಮಾನ್ಯತೆಗಳ ಸಾಲು. ಎಡಬಲಗಳಲ್ಲಿ ಸಂಸ್ಥಾಪಕರು, ಅಧ್ಯಕ್ಷರು, ಕಾರ್ಯದರ್ಶಿ, ಪ್ರಾಂಶುಪಾಲರ ಚಿತ್ರಗಳು. ನಡುವೆ ಕಪ್ ಹಿಡಿದ ವಿದ್ಯಾರ್ಥಿ. ಅವನ ಹಿಂದಿದ್ದ ಮೈದಾನವನ್ನು ಆ್ಯಪಿನಲ್ಲಿ ಕತ್ತರಿಸಿ ತೆಗೆದು ಅಲ್ಲಿಗೆ ಹೊಂಬಣ್ಣದ ಕಿರಣಗಳನ್ನು ಹಾಕಿರುತ್ತಾರೆ. ಅವನ ಹೆಸರು ಒಂದು ಪಟ್ಟಿಯೊಳಗೆ. 'ಅಂತರ ಕಾಲೇಜು ಅಥ್ಲೆಟಿಕ್ ಕೂಟದಲ್ಲಿ ಪ್ರಥಮ ಸ್ಥಾನ' ಎಂಬ ಒಂದು ವಾಕ್ಯ. ತಳದಲ್ಲಿ ಪ್ರವೇಶ ಆರಂಭವಾಗಿದೆ ಎಂಬ ಸೂಚನೆ, ಕೋರ್ಸುಗಳ ಪಟ್ಟಿ, ಮೊಬೈಲ್ ಸಂಖ್ಯೆಗಳು.

ಈ ಪೋಸ್ಟರನ್ನು ಕ್ರೀಡೆಯ ವರದಿಯೆಂದು ಓದಲು ಹೊರಟರೆ ಮೊದಲ ಹೆಜ್ಜೆಗೇ ದಾರಿ ಮುಗಿಯುತ್ತದೆ. ಪ್ರಥಮ ಸ್ಥಾನ ಎಷ್ಟು ಸೆಕೆಂಡಿನಲ್ಲಿ ಬಂತು? ನೂರು ಮೀಟರ್ ಓಟದಲ್ಲಿ 11.9 ಸೆಕೆಂಡಿಗೂ ಪ್ರಥಮ ಸ್ಥಾನ ಸಿಗಬಹುದು, 10.9ಕ್ಕೂ ಸಿಗಬಹುದು. ಆ ಒಂದು ಸೆಕೆಂಡ್ ಅಂದರೆ ಗೆರೆಯ ಬಳಿ ಎಂಟೊಂಬತ್ತು ಮೀಟರಿನ ಅಂತರ. 11.9 ಒಬ್ಬ ಉತ್ಸಾಹಿ ವಿದ್ಯಾರ್ಥಿಯ ಓಟ. 10.9 ಬೇರೆ ಮಾತು. ಅದನ್ನು ಕಂಡ ತರಬೇತುದಾರ ಹುಡುಗನನ್ನು ಕರೆದು ಮಾತಾಡಿಸಬೇಕು. ಪೋಸ್ಟರಿನಲ್ಲಿ ಈ ಇಬ್ಬರೂ ಒಂದೇ. ಮಣ್ಣಿನ ಟ್ರ್ಯಾಕಿನಲ್ಲಿ ಬರಿಗಾಲಿನಲ್ಲಿ ಓಡಿದನೋ, ಸಿಂಥೆಟಿಕ್ ಟ್ರ್ಯಾಕಿನಲ್ಲಿ ಸ್ಪೈಕ್ಸ್ ಹಾಕಿ ಓಡಿದನೋ ತಿಳಿಯದು. ಸಮಯವನ್ನು ಸ್ಟಾಪ್‌ವಾಚಿನಲ್ಲಿ ಕೈಯಿಂದ ಹಿಡಿದರೋ ಯಂತ್ರ ಅಳೆಯಿತೋ ಗೊತ್ತಿಲ್ಲ. ಉದ್ದ ಜಿಗಿತಕ್ಕೆ ಮೀಟರ್ ಇಲ್ಲ, ಕಬಡ್ಡಿ ಫೈನಲ್‌ಗೆ ಅಂಕವಿಲ್ಲ, ಫುಟ್‌ಬಾಲಿಗೆ ಎದುರು ಆಡಿದ ತಂಡವೇ ಇಲ್ಲ. ಎದುರಾಳಿಯಿಲ್ಲದೆ ಗೆಲುವು ಹೇಗೆ ಸಾಧ್ಯ? ಹೀಟ್ಸ್‌ನಲ್ಲಿ ಚೆನ್ನಾಗಿ ಓಡಿ ಫೈನಲ್‌ನಲ್ಲಿ ನಾಲ್ಕನೆಯವಳಾದ ಹುಡುಗಿಗೆ ಪೋಸ್ಟರ್ ಇಲ್ಲ. ಅವಳು ಸ್ಪರ್ಧಿಸಿದ್ದಳೆಂಬ ದಾಖಲೆಯೂ ಇಲ್ಲ. ಸೋಲನ್ನು ಹೀಗೆ ಪೂರ್ತಿ ಅಳಿಸಿಹಾಕಿದ ಮೇಲೆ ಗೆಲುವಿಗೂ ಬೆಲೆ ಉಳಿಯುವುದಿಲ್ಲ.

ಹಿನ್ನೆಲೆಯನ್ನು ಕತ್ತರಿಸುವ ಆ ಕೆಲಸವೂ ನನ್ನನ್ನು ಬಹಳ ಕಾಡುತ್ತದೆ. ಜಿಮ್ಖಾನಾದಂಥ ಮೈದಾನದ ಕೆಂಪು ಮಣ್ಣು, ದೂರದಲ್ಲಿ ಕಾಣುವ ಗಣಿ ತ್ಯಾಜ್ಯದ ಸಯನೈಡ್ ದಿಬ್ಬ, ಗೆರೆಯ ಆಚೆ ನಿಂತ ಗೆಳೆಯರು, ಇವೆಲ್ಲ ಆ ಚಿತ್ರದಲ್ಲಿದ್ದವು. ಅವು ಇದ್ದಿದ್ದರೆ ನೋಡಿದವನಿಗೆ 'ಇದು ನಮ್ಮ ಊರು, ನಮ್ಮ ಹುಡುಗ' ಎನಿಸುತ್ತಿತ್ತು. ಅವನ್ನು ತೆಗೆದಾಗ ಉಳಿಯುವುದು ಎಲ್ಲಿಗೂ ಸೇರದ ಒಂದು ಮುಖ, ಒಂದು ಕಪ್. ವಿದ್ಯಾರ್ಥಿಯ ಮೈದಾನವನ್ನು ತೆಗೆದುಹಾಕಿದ ಅದೇ ಪೋಸ್ಟರಿನಲ್ಲಿ ಅಧ್ಯಕ್ಷರ ಚಿತ್ರ ಮಾತ್ರ ಪೂರ್ತಿ ಇರುತ್ತದೆ.

ಇದಕ್ಕೆ ಕಾಲೇಜಿನವರ ಪ್ರಚಾರದ ಹಂಬಲವೊಂದೇ ಕಾರಣವಲ್ಲ ಎಂದೂ ಹೇಳಬೇಕು. ನ್ಯಾಕ್ ಮೌಲ್ಯಮಾಪನದಲ್ಲಿ ಕ್ರೀಡಾ ಪದಕಗಳನ್ನು ಎಣಿಸುವ ಒಂದು ಅಂಶವಿದೆ, ಅದರಲ್ಲಿ ತಂಡದ ಪ್ರಶಸ್ತಿಯನ್ನು ಒಂದೆಂದೇ ಎಣಿಸಬೇಕು. ಹನ್ನೊಂದು ಜನರ ಫುಟ್‌ಬಾಲ್ ತಂಡ ಗೆದ್ದರೂ ಅಂಕಣದಲ್ಲಿ ಬರುವುದು ಒಂದು. ಪುರಾವೆಗೆ ಪ್ರಮಾಣಪತ್ರದ ಪ್ರತಿ ಬೇಕು, ಚಟುವಟಿಕೆಗಳಿಗೆ ಅಕ್ಷಾಂಶ ರೇಖಾಂಶ ಮುದ್ರಿತವಾದ ಜಿಯೋಟ್ಯಾಗ್ ಚಿತ್ರ ಬೇಕು. ಕಾಲೇಜು ವೆಬ್‌ಸೈಟಿನ ಕ್ರೀಡಾ ಪುಟ ಈ ಕಡತದ ಅಗತ್ಯಕ್ಕೆ ತಕ್ಕಂತೆ ಬೆಳೆದಿದೆ. ಸೌಲಭ್ಯಗಳ ಪಟ್ಟಿ, ದೈಹಿಕ ಶಿಕ್ಷಣ ನಿರ್ದೇಶಕರ ಹೆಸರು, ಉದ್ಘಾಟನೆಯ ಚಿತ್ರಗಳು, ಪಿಡಿಎಫ್‌ಗಳು. ನೋಡಲು ಬರುವವರು ಮೌಲ್ಯಮಾಪನ ತಂಡದವರು ಎಂದು ಭಾವಿಸಿ ಮಾಡಿದ ಪುಟದಲ್ಲಿ ಆಟಗಾರನಿಗಾಗಲಿ ಅವನ ತಾಯಿತಂದೆಗಾಗಲಿ ಬೇಕಾದ್ದು ಇರುವುದಿಲ್ಲ.

ಈಗ ನನ್ನ ಜಗಳ ಈ ಪುಟಗಳ ಬಗ್ಗೆ ಮಾತಾಡುವ ವಿಮರ್ಶಕರ ಜೊತೆ. ಅವರಲ್ಲಿ ಎರಡು ಪಂಗಡ. ಮೊದಲನೆಯವರು ಮ್ಯಾನೇಜ್‌ಮೆಂಟ್ ವಿಭಾಗದವರು. ಫಾಲೋವರ್‌ಗಳು ಹೆಚ್ಚಾದರು, ಲೈಕ್‌ಗಳು ಹೆಚ್ಚಾದವು, ಆದ್ದರಿಂದ ಕ್ರೀಡೆ ಬೆಳೆಯಿತು ಎಂಬುದು ಅವರ ತರ್ಕ. ಅವರಿಗೆ ಅಮೆರಿಕದ ವಿಶ್ವವಿದ್ಯಾಲಯಗಳೇ ಮಾದರಿ. ಆದರೆ ಆ ಮಾದರಿಯ ಅರ್ಧವನ್ನು ಮಾತ್ರ ಅವರು ನೋಡಿದ್ದಾರೆ. ಅಮೆರಿಕದ ಕಾಲೇಜು ತಂಡದ ತಾಣದಲ್ಲಿ ಹೊಳಪಿನ ಚಿತ್ರದ ಹಿಂದೆ ಪ್ರತಿ ಆಟಗಾರನ ಹೆಸರು, ಎತ್ತರ, ಊರು, ಪ್ರತಿ ಪಂದ್ಯದ ವೇಳಾಪಟ್ಟಿ, ಪ್ರತಿ ಸೋಲಿನ ಅಂಕ ಎಲ್ಲವೂ ವರ್ಷಗಟ್ಟಲೆ ಹಿಂದಿನಿಂದ ಇರುತ್ತವೆ. ಅದನ್ನು ಬರೆದಿಡುವುದೇ ಉದ್ಯೋಗವಾಗಿರುವ ಕ್ರೀಡಾ ಮಾಹಿತಿ ಅಧಿಕಾರಿಗಳು ಅಲ್ಲಿದ್ದಾರೆ. ಅವರ ಸಂಘ 1957ರಷ್ಟು ಹಿಂದೆಯೇ ಹುಟ್ಟಿತು, ಇಂಟರ್‌ನೆಟ್ಟಿಗೆ ದಶಕಗಳ ಮೊದಲು. 2021ರ ಜುಲೈಯಿಂದ ಅಲ್ಲಿನ ಕಾಲೇಜು ಆಟಗಾರ ತನ್ನ ಹೆಸರು ಮತ್ತು ಚಿತ್ರದ ಬಳಕೆಯಿಂದ ತಾನೇ ಹಣ ಗಳಿಸಬಹುದು. ನಮ್ಮವರು ಹೊಳಪನ್ನು ತಂದರು, ಅಂಕದ ಪುಸ್ತಕವನ್ನು ಬಿಟ್ಟುಬಂದರು. ಚಿತ್ರದ ಮೇಲೆ ಆಟಗಾರನಿಗೆ ಇರುವ ಹಕ್ಕಿನ ಬಗ್ಗೆಯಂತೂ ಅವರ ಪ್ರಬಂಧಗಳಲ್ಲಿ ನಾನು ಒಂದು ಸಾಲನ್ನೂ ಕಂಡಿಲ್ಲ. ಡಿಸೆಂಬರಿನಲ್ಲಿ ಗೆದ್ದ ಹುಡುಗಿಯ ಚಿತ್ರ ಮೇ ತಿಂಗಳಲ್ಲಿ ಪ್ರವೇಶದ ಜಾಹೀರಾತಿನಲ್ಲಿ ಮತ್ತೆ ಬರುತ್ತದೆ. ಅವಳನ್ನು ಕೇಳಿದರೇ? ಅವಳ ಬಸ್ ಪಾಸಿಗೆ, ಶೂಗೆ ಏನಾದರೂ ಕೊಟ್ಟರೇ? ಈ ಪ್ರಶ್ನೆ ಕೇಳದ ಅಧ್ಯಯನವನ್ನು ನಾನು ಅಧ್ಯಯನವೆಂದು ಒಪ್ಪಲಾರೆ.

ಎರಡನೆಯ ಪಂಗಡ ಹಳಬರದು. ಕಂಪನಿ ಕಾಲದ ಆಟಗಾರರಿಗೆ ಪೋಸ್ಟರೇ ಬೇಕಿರಲಿಲ್ಲ, ಇದೆಲ್ಲ ಮೊಬೈಲಿನ ಹುಚ್ಚು ಎನ್ನುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ, ವಾದವನ್ನು ಮಾತ್ರ ಒಪ್ಪುವುದಿಲ್ಲ. ಆಗ ಆಟಗಾರನನ್ನು ಮೈದಾನದಲ್ಲೇ ಸಾವಿರಾರು ಕಣ್ಣುಗಳು ನೋಡುತ್ತಿದ್ದವು. ಆಡಿದವನೂ ನೋಡಿದವನೂ ಒಂದೇ ಗಣಿಯ ಕಾಲೊನಿಯವರು. ಹೆಸರು ಬಾಯಿಂದ ಬಾಯಿಗೆ ಉಳಿಯುತ್ತಿತ್ತು. ಇಂದು ಆ ಕಾಲೊನಿಗಳ ದುಡಿಯುವ ಜನ ಬೆಳಗಾಗುವ ಮೊದಲೇ ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹತ್ತಿ ರಾತ್ರಿ ಮರಳುತ್ತಾರೆ. ಅಪ್ಪನಿಗೆ ಮಗಳ ಪಂದ್ಯ ನೋಡಲಾಗುವುದಿಲ್ಲ. ಆ ಅಪ್ಪ ರೈಲಿನಲ್ಲಿ ಕುಳಿತು ಫೋನಿನಲ್ಲಿ ಅಂಕ ನೋಡುವಂತಾದರೆ ಅದು ಹುಚ್ಚಲ್ಲ, ಕ್ರೀಡೆಗೆ ಆಗುವ ನಿಜವಾದ ಉಪಕಾರ. ಹಳಬರು ಮಾಧ್ಯಮವನ್ನೇ ತಳ್ಳಿಹಾಕುತ್ತಾರೆ. ನಾನು ತಳ್ಳಿಹಾಕುವುದು ಅದರ ಈಗಿನ ಬಳಕೆಯನ್ನು.

ಒಳ್ಳೆಯದು ಎಲ್ಲೂ ಇಲ್ಲವೆಂದು ಹೇಳಿದರೆ ಅನ್ಯಾಯ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಹೆಸರು ಕ್ರೀಡೆಯಲ್ಲಿ ನಿಂತಿರುವುದು ಮೈದಾನದ ಮೇಲೆ. ವಿದ್ಯಾರ್ಥಿಗಳನ್ನು ಕ್ರೀಡಾ ದತ್ತು ಯೋಜನೆಯಡಿ ಸಾಕಿದರು, ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡಿಸಿದರು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಅದೇ ಊರಿನಲ್ಲಿ ನಡೆಯಿತು. ಜೈನ್ ವಿಶ್ವವಿದ್ಯಾಲಯ 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ನಡೆಸಿಕೊಟ್ಟು, 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ಅವರೂ ಜಾಹೀರಾತು ಕೊಡುತ್ತಾರೆ, ಧಾರಾಳವಾಗಿಯೇ. ಆದರೆ ಅಲ್ಲಿ ಸಾಧನೆ ಮುಂದೆ, ಪ್ರಚಾರ ಅದರ ಹಿಂದೆ. ಅವರ ಬಳಿಯಿರುವ ಹಣ ಬಂಗಾರಪೇಟೆಯ ಸರ್ಕಾರಿ ಕಾಲೇಜಿನ ಬಳಿ ಇಲ್ಲ, ನಿಜ. ಆದರೆ ಫಲಿತಾಂಶ ಬರೆಯಲು ಹಣ ಬೇಕಿಲ್ಲ.

ಕೆಜಿಎಫ್‌ಗೆ ಇನ್ನೊಂದು ತೊಡಕಿದೆ. ಇದೇ ಹೆಸರಿನ 2018 ಮತ್ತು 2022ರ ಎರಡು ಸಿನಿಮಾಗಳ ನಂತರ ಜಾಲತಾಣದಲ್ಲಿ ಈ ಮೂರಕ್ಷರ ಹುಡುಕಿದವರಿಗೆ ಸಿಗುವುದು ನಾಯಕನಟ ಯಶ್. ಕಾಲೇಜು ಆ ಹ್ಯಾಷ್‌ಟ್ಯಾಗ್ ಹಾಕಿ ಬಿಟ್ಟ ಪೋಸ್ಟರ್ ಸಿನಿಮಾ ತುಣುಕುಗಳ ಕೆಳಗೆ ಹೂತುಹೋಗುತ್ತದೆ. ಉರಿಗಾಂ, ರಾಬರ್ಟ್‌ಸನ್ ಪೇಟೆ, ಚಾಂಪಿಯನ್ ರೀಫ್ ಎಂಬ ಹೆಸರುಗಳನ್ನು ಬರೆದರೆ ನೋಡಬೇಕಾದವರು ನೋಡುತ್ತಾರೆ. ಭಾಷೆಯೂ ಹಾಗೆಯೇ. ತಮಿಳು, ತೆಲುಗು, ಉರ್ದು, ಕನ್ನಡ ಮಾತಾಡುವ ಮನೆಗಳಿಂದ ಬಂದ ಮಕ್ಕಳ ಗೆಲುವನ್ನು ಇಂಗ್ಲಿಷಿನಲ್ಲಷ್ಟೇ ಹೇಳಿದರೆ ಮೊದಲು ಓದಬೇಕಾದ ಮನೆಯವರೇ ಹೊರಗುಳಿಯುತ್ತಾರೆ.

ದಾಖಲೆಯ ಅಗತ್ಯ ಬರಿಯ ಅಭಿಮಾನದ ವಿಷಯವೂ ಅಲ್ಲ. ರೈಲ್ವೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಕ್ರೀಡಾ ಕೋಟಾದ ಬಾಗಿಲಲ್ಲಿ ನಿಂತ ಹುಡುಗನಿಗೆ ಪ್ರಮಾಣಪತ್ರ ಪರಿಶೀಲನೆ ದೊಡ್ಡ ಗಂಡಾಂತರ. ಅವನು ಆಡಿದ ಕೂಟದ ಪೂರ್ತಿ ಫಲಿತಾಂಶ ಆಗಲೇ ಸಾರ್ವಜನಿಕವಾಗಿ ಪ್ರಕಟವಾಗಿದ್ದರೆ ಅವನ ಮಾತಿಗೆ ಬಲ ಬರುತ್ತದೆ. ಅದೇ ಫಲಿತಾಂಶ ಖೊಟ್ಟಿ ಪ್ರಮಾಣಪತ್ರ ತಂದವನನ್ನು ತಡೆಯುತ್ತದೆ.

ಆದ್ದರಿಂದ ಈ ಸೀಮೆಯ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ, ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಅಂತರ ಕಾಲೇಜು ಕೂಟಕ್ಕೆ ಮೊದಲೇ ಟ್ರಯಲ್ಸ್‌ನ ದಿನ, ಸಮಯ, ಮೈದಾನ ಹಾಕಿ. ಕೂಟ ಮುಗಿದ ಸಂಜೆ ಅಭಿನಂದನೆಗೆ ಮೊದಲು ಫಲಿತಾಂಶ ಹಾಕಿ: ಸ್ಪರ್ಧೆ, ಸಮಯ ಅಥವಾ ದೂರ ಅಥವಾ ಅಂಕ, ಎದುರಾಳಿ, ತರಬೇತುದಾರರು, ತಂಡದ ಅಷ್ಟೂ ಆಟಗಾರರ ಹೆಸರು. ಚಿತ್ರ ಬಳಸುವ ಮುನ್ನ ವಿದ್ಯಾರ್ಥಿಯನ್ನು ಕೇಳಿ. ಸೋತ ಪಂದ್ಯದ ಅಂಕವನ್ನೂ ಪ್ರಕಟಿಸಿ.