ಗುಟ್ಟು, ಖಾಸಗಿ, ಉಪನಿಧಿ: ಒಂದು ಹಕ್ಕಿನ ಕನ್ನಡ ಪರಿಭಾಷೆಯನ್ನು ಕುರಿತು

ವ್ಯಕ್ತಿಯ ಖಾಸಗಿ ಬದುಕು ಸಂವಿಧಾನದ 21ನೆಯ ವಿಧಿಯ ರಕ್ಷಣೆಗೆ ಒಳಪಟ್ಟ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಈ ತೀರ್ಪು ಕರ್ನಾಟಕದ ಹಿರಿಯರೊಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರಿನಲ್ಲಿ ಅವರು ನಿಧನರಾದರು. ಅವರು ದೊರಕಿಸಿಕೊಟ್ಟ ಈ ಹಕ್ಕಿಗೆ ಕನ್ನಡದಲ್ಲಿ ಇನ್ನೂ ಒಂದು ನೆಲೆಗೊಂಡ ಹೆಸರಿಲ್ಲ. ಒಂದು ಪತ್ರಿಕೆ ‘ಗೌಪ್ಯತೆಯ ಹಕ್ಕು’ ಎಂದರೆ ಮತ್ತೊಂದು ‘ಖಾಸಗಿತನದ ಹಕ್ಕು’ ಎನ್ನುತ್ತದೆ. ಇದನ್ನು ಕೇವಲ ಭಾಷಾಂತರಕಾರರ ತೊಡಕೆಂದು ಬದಿಗಿಡಲಾಗದು.

‘ಗೌಪ್ಯತೆ’ಯ ಮೂಲಧಾತುವಿಗೆ ಕಾಯುವುದು ಎಂಬ ಅರ್ಥವೂ ಉಂಟು. ಆದರೆ ಕನ್ನಡ ಕಿವಿಗೆ ಇಂದು ಅದರಲ್ಲಿ ಕೇಳಿಸುವುದು ‘ಗುಟ್ಟು’ ಮಾತ್ರ. ಗುಟ್ಟಿದ್ದವನಲ್ಲಿ ಮುಚ್ಚಿಡತಕ್ಕದ್ದೇನೋ ಇರಲೇಬೇಕು ಎಂಬ ಶಂಕೆ ಆ ಶಬ್ದದೊಡನೆಯೇ ಒಳಬರುತ್ತದೆ. ‘ತಪ್ಪು ಮಾಡದವನಿಗೆ ಭಯವೇಕೆ’ ಎಂಬ ಆಳುವವರ ವಾದಕ್ಕೆ ಅರ್ಧ ಗೆಲವು ಅಲ್ಲಿಯೇ ಸಿದ್ಧಿಸುತ್ತದೆ. ಮಂತ್ರಿಗಳು ಸ್ವೀಕರಿಸುವುದು ‘ಅಧಿಕಾರ ಮತ್ತು ಗೌಪ್ಯತೆಯ’ ಪ್ರಮಾಣವಚನವನ್ನು ಎಂಬುದನ್ನೂ ಗಮನಿಸಬೇಕು. ಪ್ರಭುತ್ವದ ಕಡತವನ್ನು ಪ್ರಜೆಯಿಂದ ಮರೆಮಾಡುವ ಮಾತೇ ಪ್ರಜೆಯ ಬದುಕನ್ನು ಪ್ರಭುತ್ವದಿಂದ ಕಾಯುವ ಮಾತೂ ಆಗಿರುವುದು ವಿಪರ್ಯಾಸ.

‘ಖಾಸಗಿ’ಯ ಚರಿತ್ರೆ ಬೇರೆ. ಅರಬ್ಬೀ ಮೂಲದ ‘ಖಾಸ್’ ಪಾರಸಿಯ ಮಾರ್ಗವಾಗಿ ಬಂದು ಮರಾಠಿ ಕನ್ನಡಗಳೆರಡರಲ್ಲಿಯೂ ನೆಲೆನಿಂತಿದೆ. ಹೋಳ್ಕರರ ಆಡಳಿತದಲ್ಲಿ ‘ಖಾಸಗಿ’ ಎಂದರೆ ರಾಜಮನೆತನದ ಸ್ವಂತ ಉತ್ಪತ್ತಿ. ಅರಸು ಮನೆತನಕ್ಕೆ ಮೀಸಲಾಗಿದ್ದ ಮಾತು ಸಾಮಾನ್ಯನ ಪಾಲಿಗೆ ಇಳಿದುಬಂದದ್ದು ಸಣ್ಣ ಸಂಗತಿಯಲ್ಲ. ಆ ಕಾರಣಕ್ಕೆ ನನ್ನ ಒಲವು ಈ ಶಬ್ದದ ಕಡೆಗೆ. ಆದರೂ ಅದಕ್ಕೆ ಆಸ್ತಿಯ ವಾಸನೆ ಅಂಟಿದೆ. ಸ್ವಂತ ಬಾಗಿಲುಳ್ಳವನಿಗೆ ಮಾತ್ರ ಖಾಸಗಿ ಎಂಬ ಭಾವ ಅಳಿದಿಲ್ಲ.

ಆ ಬಾಗಿಲನ್ನು ಕಾಣಲು ಠಾಣೆಯ ಘೋಡಬಂದರ್ ರಸ್ತೆಗೆ ಬರಬೇಕು. ಪೋರ್ಚುಗೀಸರಿಂದ ಮರಾಠರು 1737ರಲ್ಲಿ ವಶಪಡಿಸಿಕೊಂಡ ಘೋಡಬಂದರಿಗೆ ಕುದುರೆಗಳ ವ್ಯಾಪಾರದಿಂದ ಆ ಹೆಸರು ಬಂದಿತೆಂದು ಹೇಳುವುದು ರೂಢಿ. ಇಂದು ಮಾಜಿವಾಡೆಯಿಂದ ಗಾಯಮುಖದ ಕಡೆಗೆ ಸಾಗುವ ದಾರಿಯುದ್ದಕ್ಕೂ ಬಹುಮಹಡಿ ವಸತಿ ಸಂಕೀರ್ಣಗಳಿವೆ. ಇಂಥ ಸಂಕೀರ್ಣಗಳ ಗೇಟಿನಲ್ಲಿ ಹಿಂದೆ ಒಂದು ದಪ್ಪ ರಿಜಿಸ್ಟರು ಇರುತ್ತಿತ್ತು. ಅದರ ಸ್ಥಾನಕ್ಕೆ ಈಗ ಮೊಬೈಲ್ ಆಪ್‌ಗಳು ಬಂದಿವೆ. ಬಂದವರ ಹೆಸರು, ದೂರವಾಣಿ ಸಂಖ್ಯೆ, ಛಾಯಾಚಿತ್ರ, ವಾಹನದ ಸಂಖ್ಯೆ ಅಲ್ಲಿ ದಾಖಲಾಗುತ್ತವೆ. ಮನೆಗೆಲಸದವಳು ಎಷ್ಟು ಹೊತ್ತಿಗೆ ಒಳಬಂದಳು, ಎಷ್ಟು ಹೊತ್ತಿಗೆ ಹೊರಬಿದ್ದಳು, ತಿಂಗಳಿಗೆ ಎಷ್ಟು ದಿನ ತಪ್ಪಿಸಿದಳು ಎಂಬುದೂ ಒಡತಿಯ ಅಂಗೈಯಲ್ಲಿ ಮೂಡುತ್ತದೆ. ಒಡತಿ ಎಲ್ಲಿ ಹೋದಳೆಂಬುದು ಅವಳಿಗೆ ತಿಳಿಯುವುದಿಲ್ಲ. ಒಬ್ಬರ ಖಾಸಗಿಯನ್ನು ಕಾಯಲು ಇನ್ನೊಬ್ಬರ ಖಾಸಗಿ ಬಯಲಾಗುವ ಈ ಏರ್ಪಾಡನ್ನು ಭದ್ರತೆ ಎಂದು ಮಾತ್ರ ಕರೆದು ಸುಮ್ಮನಾಗುವುದು ಅಪ್ರಾಮಾಣಿಕವಾದೀತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಯನ್ನು, ಗಂಡೇ ಇರಲಿ ಹೆಣ್ಣೇ ಇರಲಿ, ‘ಅವಳು’ ಎಂಬ ಸರ್ವನಾಮದಿಂದಲೇ ನಿರ್ದೇಶಿಸುತ್ತದೆ. ಸಮ್ಮತಿ ಕೇಳುವ ಸೂಚನಾಪತ್ರವನ್ನು ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನೂ ಕೊಡುತ್ತದೆ. ಉತ್ತರ ಕರ್ನಾಟಕದಿಂದ ಮುಂಬಯಿ ಸೀಮೆಗೆ ದುಡಿಯಲು ಬಂದ ಹೆಣ್ಣುಮಗಳು ಅದನ್ನು ಕನ್ನಡದಲ್ಲಿ ಕೇಳಬಹುದು ಎಂದಾಯಿತು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಪರಿಭಾಷೆ ಅಷ್ಟರೊಳಗೆ ನೆಲೆಗೊಳ್ಳದಿದ್ದರೆ ಅವಳ ಕೈಗೆ ಬರುವುದು ಕನ್ನಡ ಲಿಪಿಯ ಹಾಳೆ ಮಾತ್ರ.

ಈ ಸಂದರ್ಭದಲ್ಲಿ ನಮ್ಮದೇ ನೆಲದ ಗ್ರಂಥವೊಂದನ್ನು ನೆನೆಯಬಹುದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದ್ದು ಕಲ್ಯಾಣದಲ್ಲಿ (ಇದು ಠಾಣೆ ಜಿಲ್ಲೆಯ ಕಲ್ಯಾಣವಲ್ಲ, ಬೀದರಿನದು). ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ‘ಉಪನಿಧಿ’ ಎಂಬ ಪ್ರಕರಣವಿದೆ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬನ ಕೈಗೆ ಒಪ್ಪಿಸಿದ ವಸ್ತು ಅದು. ಇದ್ದ ಹಾಗೆಯೇ ಹಿಂದಿರುಗಿಸಬೇಕು. ಇಟ್ಟುಕೊಂಡವನು ತನ್ನ ಇಚ್ಛೆಯಂತೆ ಅದರಿಂದ ಜೀವನ ನಡೆಸಿದರೆ ದಂಡವನ್ನೂ ತೆರಬೇಕು, ಲಾಭಸಮೇತ ವಸ್ತುವನ್ನೂ ಕೊಡಬೇಕು. ನ್ಯಾಸ, ನಿಕ್ಷೇಪಗಳಿಗೂ ಇದೇ ವಿಧಿ. ಒಪ್ಪಿಸುವವಳಲ್ಲಿ ಗುಟ್ಟಿದೆಯೇ, ಅವಳಿಗೆ ಸ್ವಂತ ಬಾಗಿಲಿದೆಯೇ ಎಂಬ ಪ್ರಶ್ನೆಗಳು ಇಲ್ಲಿ ಏಳುವುದೇ ಇಲ್ಲ. ಹೊಣೆಯೆಲ್ಲ ಇಟ್ಟುಕೊಂಡವನದು. ಅಧಿನಿಯಮವು ದತ್ತಾಂಶ ಪಡೆದವರಿಗೆ ಕೊಟ್ಟಿರುವ ವಿಶ್ವಾಸಾರ್ಹತೆಯ ಹೆಸರನ್ನು ಕನ್ನಡಿಸುವಾಗ ‘ನ್ಯಾಸಧಾರಿ’ ಎಂಬಂಥ ಮಾತು ಏಕೆ ಒದಗಬಾರದು? (‘ನಿಕ್ಷೇಪ’ ಇಂದಿನ ಕನ್ನಡದಲ್ಲಿ ಅಗೆದು ತೆಗೆಯುವ ಅದಿರು ಎಂಬ ಅರ್ಥಕ್ಕೆ ಜಾರಿದೆ. ದತ್ತಾಂಶವನ್ನು ಹೊಸ ತೈಲವೆಂದು ಕೊಂಡಾಡುವವರಿಗೆ ಆ ಅರ್ಥವೇ ಪ್ರಿಯವಾದೀತು.)

ಆದರೆ ಹಳೆಯ ಗ್ರಂಥವನ್ನು ಮೆಚ್ಚುವ ಭರದಲ್ಲಿ ಅದರ ಒಂದು ಅಪವಾದವನ್ನು ಮರೆಯುವಂತಿಲ್ಲ. ಒತ್ತೆಯ ವಸ್ತು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕಿಲ್ಲ. ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಸ್ಮೃತಿಕಾರನ ಲೋಕಜ್ಞಾನ ದೊಡ್ಡದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರಿಗೆ ಕಸಿದುಕೊಳ್ಳುವ ಅಗತ್ಯವೂ ಇರಲಿಲ್ಲ. ಅವರ ಅಂಚೆಯವರು ಸುದ್ದಿ ಮುಟ್ಟಿಸುವುದರ ಜೊತೆಗೆ ಸೀಮೆಯ ಒಳಸುದ್ದಿಯನ್ನು ಅರಮನೆಗೆ ಒಪ್ಪಿಸುವ ಬೇಹಿನವರೂ ಆಗಿದ್ದರೆಂದು ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. 2023ರ ಅಧಿನಿಯಮವು ಕಳ್ಳನ ನೆಪವನ್ನು ಸುಲಭವಾಗಿ ಒಪ್ಪುವುದಿಲ್ಲ. ಸಾಕಷ್ಟು ಭದ್ರತೆ ವಹಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವಿದೆ. ಆದರೆ ರಾಷ್ಟ್ರದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಪ್ರಭುತ್ವದ ಯಾವುದೇ ಅಂಗವನ್ನು ಅಧಿಸೂಚನೆಯ ಮೂಲಕ ಹೊರಗಿಡುವ ಅಧಿಕಾರವನ್ನು 17ನೆಯ ಕಲಮು ಕೇಂದ್ರ ಸರ್ಕಾರಕ್ಕೆ ನೀಡಿದೆ. ಸ್ಮೃತಿಯ ಮೂರು ಅಪವಾದಗಳಲ್ಲಿ ರಾಜನದು ಹೀಗೆ ಉಳಿದುಕೊಂಡಿದೆ.