ಆದಿಪುರಾಣದಲ್ಲಿ ತಂದೆಯೂ ಮಕ್ಕಳೂ

ಪಂಪನು ಶಕವರ್ಷ 863ರಲ್ಲಿ, ಎಂದರೆ ಕ್ರಿ. ಶ. 941ರಲ್ಲಿ, ರಚಿಸಿದ ಆದಿಪುರಾಣವನ್ನು ಕುರಿತು ಬರೆಯುವವರು ಎರಡು ಪ್ರಕರಣಗಳಲ್ಲಿ ವಿಶೇಷವಾಗಿ ದೃಷ್ಟಿಯನ್ನಿಡುವರು. ಒಂದು ನೀಲಾಂಜನೆಯ ನೃತ್ಯ, ಇನ್ನೊಂದು ಭರತ ಬಾಹುಬಲಿಗಳ ಯುದ್ಧ. ಮೊದಲನೆಯದು ತಂದೆಯ ವೈರಾಗ್ಯದ ಕಥೆ; ಎರಡನೆಯದು ಮಕ್ಕಳ ಕಲಹದ ಕಥೆ. ಇವನ್ನು ಬೇರೆಬೇರೆಯಾಗಿ ಆಸ್ವಾದಿಸುವ ರೂಢಿಯಿಂದ ಇವುಗಳ ನಡುವಣ ಸಂಬಂಧವು ಮರೆಯಾಗಿದೆ. ತಂದೆಯಾದವನು ಗಂಡುಮಕ್ಕಳಿಗೆ ಕೊಡುವುದೇನು, ಅವರು ಅವನಿಂದ ಪಡೆಯುವುದೇನು ಎಂಬ ಪ್ರಶ್ನೆಯನ್ನಿಟ್ಟುಕೊಂಡು ಓದಿದರೆ ಎರಡೂ ಒಂದೇ ಸೂತ್ರದಲ್ಲಿ ಕೋದಂತೆ ಕಾಣುವುವು.

ಆದಿದೇವನು ಮಕ್ಕಳ ಶಿಕ್ಷಣವನ್ನು ಅನ್ಯರಿಗೆ ಒಪ್ಪಿಸಲಿಲ್ಲ. ಹೆಣ್ಣುಮಕ್ಕಳಾದ ಬ್ರಾಹ್ಮಿಗೂ ಸೌಂದರಿಗೂ ಅಕ್ಷರವನ್ನೂ ಗಣಿತವನ್ನೂ ಕಲಿಸಿದಂತೆ ಗಂಡುಮಕ್ಕಳಿಗೂ ತಾನೇ ಗುರುವಾದನು. ಭರತನಿಗೆ ಅರ್ಥಶಾಸ್ತ್ರ ನಾಟ್ಯಶಾಸ್ತ್ರಗಳು, ವೃಷಭಸೇನನಿಗೆ ಗಾಂಧರ್ವವಿದ್ಯೆ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಕಾಮಶಾಸ್ತ್ರ ಆಯುರ್ವೇದ ಧನುರ್ವೇದಗಳು: ಪಂಪನಿಗೆ ಆಕರವಾದ ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಕಾಣುವ ಏರ್ಪಾಡು ಇದು. ಒಬ್ಬೊಬ್ಬನ ಯೋಗ್ಯತೆಗೆ ತಕ್ಕ ವಿದ್ಯೆಯನ್ನು ಕೊಡುವ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ಲೋಕಯಾತ್ರೆಗೆ ಬೇಕಾದುದೆಲ್ಲವೂ ಈ ಪಟ್ಟಿಯಲ್ಲುಂಟು. ತ್ಯಾಗವೊಂದು ಮಾತ್ರ ಇಲ್ಲ. ಅದನ್ನು ತಂದೆ ಬೋಧಿಸಲಿಲ್ಲ, ಆಚರಿಸಿ ತೋರಿಸಿದನು. ನರ್ತಿಸುತ್ತಿದ್ದ ನೀಲಾಂಜನೆ ಮಾಯವಾಗಲು, ರಸಭಂಗವಾಗದಂತೆ ಇಂದ್ರನು ಅವಳಂಥವಳನ್ನೇ ಅಲ್ಲಿ ನಿಲ್ಲಿಸಿದನು. ಸಭೆಯು ಅರಿಯದುದನ್ನು ಆದಿದೇವನು ಅರಿತನು. ಭರತನಿಗೆ ಅಯೋಧ್ಯೆಯನ್ನೂ ಬಾಹುಬಲಿಗೆ ಪೌದನಪುರವನ್ನೂ ಕೊಟ್ಟು ಹೊರಟುಹೋದನು.

ಹಿರಿಯನ ನಡತೆಯನ್ನು ನೋಡಿ ನಡೆಯುವುದರಲ್ಲಿರುವ ಅಪಾಯವನ್ನೂ ಪುರಾಣವು ಬಲ್ಲುದು. ಆದಿದೇವನೊಡನೆ ನಾಲ್ಕು ಸಾವಿರ ಅರಸರು ದೀಕ್ಷೆಗೊಂಡರು. ಅವರನ್ನು ಪ್ರೇರಿಸಿದುದು ವೈರಾಗ್ಯವಲ್ಲ, ಸ್ವಾಮಿಭಕ್ತಿ. ಹಸಿವು ಬಾಯಾರಿಕೆಗಳನ್ನು ತಾಳಲಾರದೆ ಅವರು ಭ್ರಷ್ಟರಾದರು. ಆ ಗುಂಪಿನಲ್ಲಿದ್ದ ಮರೀಚಿ ಭರತನ ಮಗನೇ; ಆದಿದೇವನಿಗೆ ಮೊಮ್ಮಗನೇ. ಆತನು ಅನ್ಯಮತವೊಂದನ್ನೇ ಹುಟ್ಟಿಸಿದನು. ವೇಷವನ್ನು ಅನುಕರಿಸುವುದು ಸುಲಭ, ವೇಷದ ಹಿಂದಣ ಅರಿವನ್ನು ಅನುಕರಿಸುವುದು ಅಸಾಧ್ಯ ಎಂಬುದನ್ನು ಈ ಉಪಕಥೆಯು ಮುಖ್ಯಕಥೆಗೆ ಮೊದಲೇ ಸ್ಥಾಪಿಸುತ್ತದೆ.

ಭರತನನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತಂದೆಗೆ ಕೇವಲಜ್ಞಾನವುಂಟಾಯಿತು, ಆಯುಧಾಗಾರದಲ್ಲಿ ಚಕ್ರರತ್ನವು ಹುಟ್ಟಿತು, ಮಗನು ಜನಿಸಿದನು ಎಂಬ ಮೂರು ವಾರ್ತೆಗಳು ಅವನಿಗೆ ಒಮ್ಮೆಗೇ ಬಂದುವು. ಅವನು ಮೊದಲು ಹೋದುದು ತಂದೆಯ ಬಳಿಗೆ. ಆದರೆ ಪೂಜಿಸಿ ಮರಳಿದವನು ಚಕ್ರದ ಬೆನ್ನುಹತ್ತಿ ದಿಗ್ವಿಜಯಕ್ಕೆ ಹೊರಟನು. ಗೌರವವು ತಂದೆಗೆ, ಅನುಸರಣೆಯು ಚಕ್ರಕ್ಕೆ: ಭರತನ ಬಾಳಿನ ಇಬ್ಬಂದಿಯೆಲ್ಲವೂ ಇಲ್ಲಿ ಅಡಕವಾಗಿದೆ. ಆ ಚಕ್ರವು ಅಯೋಧ್ಯೆಯ ಬಾಗಿಲಲ್ಲಿ ನಿಂತಾಗ ತಮ್ಮಂದಿರು ಎರಗಬೇಕೆಂಬ ಓಲೆ ಹೊರಟಿತು. ತೊಂಬತ್ತೆಂಟು ಮಂದಿ ತಮ್ಮಂದಿರು ತಂದೆಯನ್ನು ಆಶ್ರಯಿಸಿ ದೀಕ್ಷೆಯನ್ನು ಪಡೆದರು.

ಬಾಹುಬಲಿ ತಂದೆಯ ಬಳಿಗೆ ಓಡಲಿಲ್ಲ. ಅಣ್ಣನೆಂಬ ಪ್ರೀತಿಯಿಂದ ನಮಿಸಲು ಅವನಿಗೆ ಅಡ್ಡಿಯಿಲ್ಲ. ಬಲಕ್ಕೆ ಅಂಜಿ ನಮಿಸಲಾರನು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದನು. ಎತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿದನು. ಭರತನು ಬಿಟ್ಟ ಚಕ್ರವು ಅವನನ್ನು ಬಲವಂದು ನಿಂತಿತು. ಜಯವು ಸಂಪೂರ್ಣವಾದ ಆ ಕ್ಷಣದಲ್ಲಿಯೇ ಅದು ಅವನಿಗೆ ಹೇಸಿಗೆಯಾಯಿತು. ತಂದೆಗೆ ನೀಲಾಂಜನೆಯ ಅಳಿವು ಏನನ್ನು ತೋರಿಸಿತೋ ಅದನ್ನೇ ಮಗನಿಗೆ ಅಣ್ಣನ ಬಾಡಿದ ಮುಖವು ತೋರಿಸಿತು. ಕವಿಯು ಮಗನಿಗೆ ತಂದೆಯ ನೀಲಾಂಜನೆಯನ್ನು ಮತ್ತೆ ಕಾಣಿಸಲಿಲ್ಲವೆಂಬುದು ಗಮನಾರ್ಹ. ತಂದೆ ಕಂಡುದನ್ನು ಮಗನು ತನ್ನ ಕಣ್ಣಿನಿಂದ, ತನ್ನ ತಪ್ಪಿನೊಳಗಿನಿಂದಲೇ ಕಾಣಬೇಕಾಯಿತು. ಮರೀಚಿಗೂ ಬಾಹುಬಲಿಗೂ ಇರುವ ಅಂತರವು ಇದೇ.

ಇದಕ್ಕೆ ಒಂದು ಆಕ್ಷೇಪವುಂಟು. ಭವಾವಳಿಯ ಕಾವ್ಯದಲ್ಲಿ ಎಲ್ಲವೂ ಪೂರ್ವಕರ್ಮದ ಫಲವಾಗಿರಲು ತಂದೆಯ ಶಿಕ್ಷಣಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. ಆದಿದೇವನು ವಜ್ರಜಂಘನಾಗಿದ್ದಾಗ ಮಂತ್ರಿಯಾಗಿದ್ದ ಮತಿವರನೇ ಭರತನು, ಸೇನಾಪತಿಯಾಗಿದ್ದ ಅಕಂಪನನೇ ಬಾಹುಬಲಿ ಎಂಬುದು ನಿಜ. ಆದರೆ ಭವಾವಳಿಯು ತಂದೆಮಕ್ಕಳ ಸಂಬಂಧವನ್ನು ಅಳಿಸುವುದಿಲ್ಲ. ಅದನ್ನು ಹಲವು ಜನ್ಮಗಳಿಗೆ ಹಿಗ್ಗಿಸುತ್ತದೆ. ಹಿಂದೆ ಅವನನ್ನು ಸೇವಿಸಿದವರು ಈಗ ಅವನ ತೊಡೆಯ ಮೇಲೆ ಬೆಳೆದರು. ಜೊತೆಯಲ್ಲಿ ಬಾಳುವುದೇ ಸಂಸ್ಕಾರವೆಂಬ ಮಾತಿಗೆ ಇದು ಪೋಷಕವೇ ಹೊರತು ಬಾಧಕವಲ್ಲ.

ಬಾಹುಬಲಿಯೊಬ್ಬನೇ ತಂದೆಗೆ ತಕ್ಕ ಮಗನೆಂದು ಪಾಠ ಹೇಳುವುದು ವಾಡಿಕೆ. ಅದು ಅರ್ಧಸತ್ಯ. ಆದಿದೇವನು ಪ್ರಜೆಗಳಿಗೆ ಕೃಷಿ ವಾಣಿಜ್ಯ ಶಿಲ್ಪಾದಿಗಳನ್ನು ಕಲಿಸಿ ಆಳಿದವನೂ ಹೌದು, ಎಲ್ಲವನ್ನೂ ಬಿಟ್ಟವನೂ ಹೌದು. ನೆಲವನ್ನು ಹಂಚಿದಾಗ ಅವನ ಬಾಳೂ ಹಂಚಿಹೋಯಿತು. ಆಳಿಕೆಯು ಹಿರಿಯನ ಪಾಲಿಗೂ ತ್ಯಾಗವು ಕಿರಿಯನ ಪಾಲಿಗೂ ಬಂದುವು. ಕಲಹವು ತಂದೆಯ ಎರಡು ಅರ್ಧಗಳ ನಡುವಣ ಕಲಹ. ಒಂದು ವರ್ಷ ಅಲುಗದೆ ನಿಂತರೂ ಬಾಹುಬಲಿಗೆ ಕೇವಲಜ್ಞಾನವುಂಟಾದುದು ಭರತನು ಬಂದು ಪೂಜಿಸಿದ ಮೇಲೆಯೇ. ಭರತನಾದರೂ ಕೊನೆಗೆ ಕನ್ನಡಿಯಲ್ಲಿ ತನ್ನ ನರೆಗೂದಲನ್ನು ಕಂಡು ತಂದೆಯ ದಾರಿಯನ್ನು ಹಿಡಿದನೆಂದು ಪುರಾಣಸಂಪ್ರದಾಯವು ಹೇಳುತ್ತದೆ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯು ಭರತೇಶವೈಭವದಲ್ಲಿ ಭೋಗಯೋಗಗಳೆರಡನ್ನೂ ಭರತನಲ್ಲಿಯೇ ಕೂಡಿಸಿ, ಕಾಳಗವನ್ನು ಮಾತಿನಿಂದಲೇ ನಿವಾರಿಸಿದನು. ಆ ಸಮನ್ವಯವು ರಮ್ಯವಾದರೂ ಪಂಪನ ಸತ್ಯವು ಹೆಚ್ಚು ಕಠಿನವಾದುದು: ತಂದೆಯು ವಿದ್ಯೆಯನ್ನು ಕೊಡಬಲ್ಲನು, ನೆಲವನ್ನು ಕೊಡಬಲ್ಲನು, ದಾರಿಯನ್ನು ನಡೆದು ತೋರಿಸಬಲ್ಲನು, ಮಗನ ಹೆಜ್ಜೆಗಳನ್ನು ಅವನು ಇಡಲಾರನು.