ನಾಲ್ಕನೇ ನಂಬರಿನ ಬಾಣ

ಸೆಪ್ಟೆಂಬರ್ ಸಂಜೆಗಳಲ್ಲಿ ಮಿಷಿಗನ್ನಿನ ಹಿತ್ತಿಲುಗಳಿಂದ ದಪ್ ದಪ್ ಎಂಬ ಸದ್ದು ಬರುತ್ತಿರುತ್ತದೆ. ಫೋಮ್ ದಿಂಡಿಗೆ ಬಾಣ ನಾಟುವ ಸದ್ದು. ಅಕ್ಟೋಬರ್ 1ಕ್ಕೆ ಬಿಲ್ಲುಬೇಟೆಯ ಋತು ಶುರು, ಅಷ್ಟರೊಳಗೆ ಕೈ ಕುದುರಬೇಕು. ಕಿವಿಗೊಟ್ಟರೆ ಅದರ ಹಿಂದೆಯೇ ಇನ್ನೊಂದು ಸಣ್ಣ ಸದ್ದೂ ಕೇಳುತ್ತದೆ, ಬಿಲ್ಲಿನ ಸ್ಕ್ರೂಗಳಿಗೆ ಅಲೆನ್ ಕೀ ಹಾಕಿ ತಿರುಗಿಸುವುದು. ಆರು ಬಾಣಗಳಲ್ಲಿ ನಾಲ್ಕು ಒಂದೆಡೆ ಕೂತು ಎರಡು ಚದುರಿದರೆ ಸಾಕು, ಬಿಲ್ಲುಗಾರನ ಕೈ ಜೇಬಿಗೆ ಹೋಗುತ್ತದೆ. ನನ್ನ ತಕರಾರು ಈ ಎರಡನೇ ಸದ್ದಿನ ಮೇಲೆ.

ನಾನು ಬೇಟೆಗೆ ಹೋಗುವವನಲ್ಲ. ಪಕ್ಕದ ಮನೆಯವರು ಹತ್ತಿಸಿದ ಹುಚ್ಚು ಇದು. ಆದರೆ ನನ್ನ ಕೈಲಿರುವುದು ಬೇಟೆಯ ಬಿಲ್ಲೇ. ಮಿಸ್ಸೌರಿಯ ಹಾಲೆಸ್ ವಿಲ್ಬರ್ ಆಲನ್ 1969ರಲ್ಲಿ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ಪಡೆದ ಮೇಲೆ ಬಿಲ್ಲು ಒಂದು ಯಂತ್ರವಾಯಿತು. ಎರಡು ತುದಿಗೂ ರಾಟೆ, ರಾಟೆಗಳಿಗೆ ಕೇಬಲ್ಲು, ಹೆದೆಯ ನಡುವೆ ಕಣ್ಣಿಟ್ಟು ನೋಡಲು ಪೀಪ್ ಎಂಬ ಪುಟ್ಟ ಬಳೆ, ಬಾಣ ಕೂರಲು ರೆಸ್ಟ್, ದೂರಕ್ಕೆ ತಕ್ಕಂತೆ ಪಿನ್ನುಗಳಿರುವ ಸೈಟು, ಬೆರಳಿನ ಬದಲು ಹೆದೆ ಬಿಡಿಸುವ ರಿಲೀಸು. 60 ಪೌಂಡಿನ ಬಿಲ್ಲನ್ನು ಪೂರ್ತಿ ಸೆಳೆದ ಮೇಲೆ ಕೈಗೆ ಉಳಿಯುವ ಭಾರ 12 ಪೌಂಡು ಅಷ್ಟೇ, ಮಿಕ್ಕಿದ್ದನ್ನು ರಾಟೆ ಹೊರುತ್ತದೆ. ಸುಖವೇ ಸರಿ. ಆದರೆ ತಿರುಗಿಸಲು ಹತ್ತು ಸ್ಕ್ರೂ ಇದ್ದಲ್ಲಿ ತಪ್ಪು ಹೊರಿಸಲೂ ಹತ್ತು ಜಾಗ ಸಿಗುತ್ತದೆ. ಇದೇ ರಾಜ್ಯದ ಡೆಟ್ರಾಯಿಟ್‌ನಲ್ಲಿ 1933ರಲ್ಲಿ ಬಿಲ್ಲಿನ ಕಂಪನಿ ಶುರುಮಾಡಿದ ಫ್ರೆಡ್ ಬೇರ್ ಕಾಲದವರು ಬಾಣ ತಪ್ಪಿದರೆ ತಮ್ಮ ಕೈಯನ್ನೇ ಬೈದುಕೊಳ್ಳಬೇಕಿತ್ತು.

ಬೇರೆಯವರನ್ನು ಆಡಿಕೊಳ್ಳುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ಹೋದ ವರ್ಷ ಒಂದೇ ಸಂಜೆ ಸೈಟನ್ನು ಮೂರು ಸಲ ಸರಿಸಿದೆ. ಬಾಣ ಬಲಕ್ಕೆ ಹೋಯಿತೆಂದು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಚೂರು ಬಲಕ್ಕೆ. ಕತ್ತಲಾಗುವ ಹೊತ್ತಿಗೆ ಮೂರು ಬಾಣ ಒಂದಕ್ಕೊಂದು ತಾಗಿ ನಿಂತವು, ಗೆದ್ದೆ ಎಂದುಕೊಂಡು ಒಳಗೆ ಹೋದೆ. ಮರುದಿನ ಬೆಳಿಗ್ಗೆ ಮೊದಲ ಬಾಣ ಐದು ಇಂಚು ಎಡಕ್ಕೆ! ದಣಿದ ತೋಳಿನ ತಪ್ಪಿಗೆ ಸೈಟನ್ನು ಹೊಂದಿಸಿದ್ದೆ. ತೋಳಿನ ದಣಿವು ರಾತ್ರಿ ಇಳಿಯಿತು, ಸೈಟು ಅಲ್ಲೇ ಉಳಿಯಿತು.

ಬಾಣ ಚದುರಿದಾಗ ಮಾಡಲು ಹೇಳುವ ಹತ್ತಾರು ಉಪಾಯಗಳಲ್ಲಿ ನಾನು ಪೂರ್ಣ ಅಂಕ ಕೊಡುವುದು ಒಂದೇ ಒಂದಕ್ಕೆ, ಅದಕ್ಕೆ ಖರ್ಚೂ ಇಲ್ಲ. ಮಾರ್ಕರ್ ಪೆನ್ನಿನಲ್ಲಿ ಬಾಣದ ಗರಿಯ ಮೇಲೆ ನಂಬರ್ ಬರೆಯುವುದು. ಒಂದರಿಂದ ಆರು. ಪ್ರತಿ ಸುತ್ತಿನ ಕೊನೆಗೆ ಹಾಳೆಯ ಮೇಲೆ ಯಾವ ನಂಬರು ಎಲ್ಲಿ ನಾಟಿತೆಂದು ಚುಕ್ಕೆ ಇಡುವುದು. ನಾಲ್ಕೈದು ದಿನ ಬಿಲ್ಲಿನ ಒಂದು ಸ್ಕ್ರೂವನ್ನೂ ಮುಟ್ಟುವಂತಿಲ್ಲ. ನಾನು ಹಾಗೆ ಮಾಡಿದಾಗ ಐದು ಬಾಣಗಳ ಚುಕ್ಕೆಗಳು ಕಲಸಿಹೋಗಿದ್ದವು, ನಾಲ್ಕನೆಯದು ಮಾತ್ರ ಪ್ರತಿದಿನ ಬಲಕ್ಕೆ, ತುಸು ಕೆಳಗೆ. ಅದರ ನಾಕ್, ಅಂದರೆ ಹೆದೆಗೆ ಕಚ್ಚುವ ಪ್ಲಾಸ್ಟಿಕ್ ಕವಲು, ಬದಲಿಸಿದೆ. ಮತ್ತೆ ಬಲಕ್ಕೇ. ಗರಿಗಳು ನೆಟ್ಟಗಿದ್ದವು. ಕೊನೆಗೆ ಕಿವಿಯ ಹತ್ತಿರ ಹಿಡಿದು ಎರಡೂ ಕೈಯಿಂದ ಮೆಲ್ಲಗೆ ಬಾಗಿಸಿದೆ. ಹಪ್ಪಳ ಮುರಿದಂತೆ ಸಣ್ಣಗೆ ಚಟಚಟ ಎಂದಿತು. ಕಣ್ಣಿಗೆ ಕಾಣದ ಸೀಳು. ಸೀಳಿದ ಕಾರ್ಬನ್ ಬಾಣ ಗುರಿ ತಪ್ಪುವುದಷ್ಟೇ ಅಲ್ಲ, ಹೆದೆ ಬಿಟ್ಟ ಕ್ಷಣದಲ್ಲೇ ಒಡೆದು ಬಿಲ್ಲು ಹಿಡಿದ ಕೈಯೊಳಗೆ ಹೊಕ್ಕೀತು. ಅಷ್ಟರಲ್ಲಿ ನಾನು ಒಂದು ಅಂಗಡಿಯವರ ಮಾತು ಕೇಳಿ ಹೊಸ ರೆಸ್ಟ್ ಕೊಂಡಾಗಿತ್ತು. ನಾಲ್ಕನೇ ನಂಬರು ಈಗ ಹಿತ್ತಿಲಲ್ಲಿ ಟೊಮೇಟೊ ಗಿಡಕ್ಕೆ ಊರುಗೋಲು.

ಅತಿಯಾಗಿ ಹೊಗಳಿಸಿಕೊಂಡಿರುವುದು ಕಾಗದದ ಪರೀಕ್ಷೆ. ಚೌಕಟ್ಟಿಗೆ ಕಾಗದ ಬಿಗಿದು ಆರಡಿ ದೂರದಿಂದ ಅದರ ಮೂಲಕ ಬಾಣ ಬಿಡುತ್ತಾರೆ. ಬಾಣ ನೆಟ್ಟಗೆ ಹೋದರೆ ಒಂದು ತೂತು, ಅದರ ಸುತ್ತ ಗರಿಗಳ ಸೀಳು. ಬಾಲ ಎತ್ತಿಕೊಂಡು ಹೋದರೆ ತೂತಿನಿಂದ ಮೇಲಕ್ಕೆ ಹರಿಯುತ್ತದೆ, ಆಗ ಹೆದೆಯಲ್ಲಿ ಬಾಣ ಹೂಡುವ ಜಾಗವನ್ನು ಚೂರು ಇಳಿಸಬೇಕು. ಮೇಲೆ ಕೆಳಗಿನ ಹರಕಿಗೆ ಈ ಪರೀಕ್ಷೆ ನಂಬಿಕಸ್ಥ. ಎಡಬಲದ ಹರಕು ಬಂದಾಗ ಮಾತ್ರ ನನಗೆ ಅನುಮಾನ. ಏಕೆಂದರೆ ಬಿಲ್ಲಿನ ಹಿಡಿಯನ್ನು ಅಂಗೈಯಲ್ಲಿ ತುಸು ತಿರುಚಿ ಹಿಡಿದರೂ ಕಾಗದ ಹಾಗೆಯೇ ಹರಿಯುತ್ತದೆ. ಆ ತಿರುಚಿಗೆ ತಕ್ಕಂತೆ ರೆಸ್ಟ್ ಸರಿಸಿದರೆ ಕಾಗದದಲ್ಲಿ ಚೆಂದದ ತೂತು ಬಿದ್ದೀತು, ನಾಳೆ ಕೈ ಬೇರೆ ಥರ ಹಿಡಿದಾಗ ಮತ್ತೆ ಹರಿಯುತ್ತದೆ. ಅದಕ್ಕಿಂತ ಗರಿ ಕಿತ್ತ ಬಾಣವನ್ನು 20 ಗಜದಿಂದ ಗರಿಯಿರುವ ಬಾಣಗಳ ಜೊತೆ ಬಿಟ್ಟು ನೋಡುವುದು ಹೆಚ್ಚು ಪ್ರಾಮಾಣಿಕ. ಗರಿ ತಪ್ಪನ್ನು ದಾರಿಯಲ್ಲಿ ತಿದ್ದಿ ಮುಚ್ಚುತ್ತದೆ, ಬೋಳು ಬಾಣಕ್ಕೆ ಆ ಅನುಕೂಲವಿಲ್ಲ.

ಹಾಗಾದರೆ ಬಿಲ್ಲನ್ನು ಹಿಡಿಯುವುದು ಹೇಗೆ? ಹೆಬ್ಬೆರಳಿನ ಬುಡದ ದಪ್ಪ ಮಾಂಸದ ಮೇಲೆ ಹಿಡಿ ಕೂರಬೇಕು, ಬೆರಳುಗಳು ಸಡಿಲ. ಮುಷ್ಟಿ ಬಿಗಿದರೆ ಕೆಟ್ಟಿತು. ನೋಡಲು ಸುಲಭ, ಮಾಡಲು ಅಲ್ಲ. ಸಾವಿರ ಡಾಲರಿನ ವಸ್ತುವನ್ನು ಹಿಡಿದೂ ಹಿಡಿಯದಂತೆ ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಇದಕ್ಕಿಂತ ಗಟ್ಟಿ ರೋಗ ಇನ್ನೊಂದಿದೆ. ಪಿನ್ನು ಗುರಿಗೆ ಬಂದ ಕೂಡಲೇ ಬೆರಳು ರಿಲೀಸಿನ ಟ್ರಿಗರನ್ನು ಗುದ್ದುವುದು. ಇದಕ್ಕೆ ಯಾವ ಸ್ಕ್ರೂವಿನಲ್ಲೂ ಮದ್ದಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ದಿಂಡು ಇಟ್ಟು, ಗುರಿಯ ಚಿತ್ರವನ್ನೇ ತೆಗೆದು, ಕಣ್ಣು ಮುಚ್ಚಿ ಬಾಣ ಬಿಡುವ ನೀರಸ ಸಾಧನೆಯೊಂದೇ ದಾರಿ. ಸಂಗೀತದವರು ಸರಳೆ ವರಸೆಗೆ ಮರಳುವುದಿಲ್ಲವೇ, ಅದೇ.

ಬಾಣದ ಗಡಸುತನದ ಲೆಕ್ಕ ಬೇರೆಯೇ ಶಾಸ್ತ್ರ. ಮುಂತುದಿಯ ತೂಕ ಹೆಚ್ಚಿಸಿದರೆ ಅದೇ ಬಾಣ ಮೆದುವಾದಂತೆ ನಡೆದುಕೊಳ್ಳುತ್ತದೆ, ಗಿಡ್ಡ ಕತ್ತರಿಸಿದರೆ ಗಡಸಾದಂತೆ. 100 ಗ್ರೇನ್ ತೂಕದ ಮೊನೆ ತೆಗೆದು 125ರದ್ದು ಹಾಕಿಕೊಂಡು ಬಿಲ್ಲು ಕೆಟ್ಟಿತು ಎನ್ನುವವರಿಗೆ ಇಷ್ಟು ಸಾಕು.

ನಿಜವಾದ ಪರೀಕ್ಷೆ ಇರುವುದು ಬೇಟೆಯ ಅಲಗು ಸಿಕ್ಕಿಸಿದಾಗ. ಅಭ್ಯಾಸದ ಮೊನೆ ಬರೀ ಉಕ್ಕಿನ ಗುಂಡುತುದಿ. ಬೇಟೆಯದಕ್ಕೆ ಎರಡು ಮೂರು ಅಗಲ ಅಲಗು. ಗಾಳಿಯಲ್ಲಿ ಅವು ಮುಂದಿನ ರೆಕ್ಕೆಗಳಾಗಿ ಹಿಂದಿನ ಗರಿಗಳ ಜೊತೆ ಜಗಳಕ್ಕೆ ಬೀಳುತ್ತವೆ, ಬಿಲ್ಲಿನ ಸಣ್ಣ ಕೊಂಕೂ 30 ಗಜದಲ್ಲಿ ಅಂಗೈಯಗಲ ಆಗುತ್ತದೆ. ಅಲಗಿನ ಬಾಣವನ್ನು ಮೊನೆಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿ ನೋಡಬೇಕು. ಓಲಾಡಿದರೆ ಅದು ಬತ್ತಳಿಕೆಗೆ ಅಲ್ಲ. ಓಲಾಡದೆಯೂ ಗುಂಡುತುದಿಗಿಂತ ಎಡಕ್ಕೆ ಬಿದ್ದರೆ ರೆಸ್ಟನ್ನು ಬಲಕ್ಕೆ ಕೂದಲೆಳೆಯಷ್ಟು ಸರಿಸುವುದು. ಅಲೆನ್ ಕೀಗೆ ಇಲ್ಲಿ ಮಾತ್ರ ನನ್ನ ಒಪ್ಪಿಗೆ ಇದೆ. ಹಾರುವಾಗ ಮಡಚಿಕೊಂಡಿದ್ದು ತಾಗಿದಾಗ ಬಿಚ್ಚಿಕೊಳ್ಳುವ ಅಲಗುಗಳನ್ನು ಕೊಂಡು ಈ ಪರೀಕ್ಷೆಯಿಂದ ಪಾರಾಗುವವರಿದ್ದಾರೆ. ಕೊಂಕು ಬಿಲ್ಲಿನಲ್ಲೇ ಉಳಿದಿರುತ್ತದೆ, ಕಾಣುವುದಿಲ್ಲ ಅಷ್ಟೇ.

ಇಷ್ಟೆಲ್ಲ ಹೇಳಿ ನನ್ನ ಮುಖ್ಯ ಆಕ್ಷೇಪವನ್ನು ಕೊನೆಗಿಟ್ಟಿದ್ದೇನೆ. ಗುಂಪಾಗಿ ನಾಟಬೇಕೆಂಬ ಹಂಬಲವೇ ಗುರಿಪಂದ್ಯದವರಿಂದ ಎರವಲು ತಂದದ್ದು. ಬೇಟೆಗಾರನಿಗೆ ಮೂರನೇ ಬಾಣ ಇರುವುದೇ ಇಲ್ಲ. ಎರಡು ತಾಸು ಮರದ ಮೇಲಿನ ಅಟ್ಟಣೆಯಲ್ಲಿ ಚಳಿಗೆ ಮರಗಟ್ಟಿ ಕೂತು, ದಪ್ಪ ಜಾಕೆಟ್ಟಿನ ತೋಳು ಹೆದೆಗೆ ತಾಗುವ ಹಾಗೆ ಎದ್ದು, ಕೆಳಮುಖವಾಗಿ ಬಿಡುವ ಒಂದೇ ಬಾಣ. ಅದು ಎಂಟಂಗುಲದ ವೃತ್ತದ ಹೊರಗೆ ಬಿದ್ದರೆ ಜಿಂಕೆ ಗಾಯಗೊಂಡು ಓಡಿ ಎಲ್ಲೋ ನರಳುತ್ತದೆ. ಗುಂಪು ಬಿಲ್ಲಿನ ಆರೋಗ್ಯ ಹೇಳುತ್ತದೆ, ಬಿಲ್ಲುಗಾರನದ್ದನ್ನು ಹೇಳುವುದು ದಿನದ ಮೊದಲ ಬಾಣ.

ಹಾಗಾಗಿ ಈ ಸಲ ಪಕ್ಕದ ಮನೆಯವರೂ ನಾನೂ ಒಂದು ಒಪ್ಪಂದ ಮಾಡಿಕೊಂಡೆವು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ, ಮೈ ಸಡಿಲಿಸದೆ, 25 ಗಜದಿಂದ ಒಂದೇ ಬಾಣ, ಕಾಗದದ ಊಟದ ತಟ್ಟೆಗೆ. ತಿಂಗಳು ಪೂರ್ತಿ ಅದೇ ತಟ್ಟೆ. ನನ್ನದರಲ್ಲಿ ಈಗ ಹದಿನೈದು ತೂತುಗಳಿವೆ, ಇನ್ನಾರು ಬಾಣ ತಟ್ಟೆಯ ಹೊರಗೆ ಹೋಗಿವೆ. ಅವರು ತಮ್ಮ ತಟ್ಟೆಯನ್ನು ಇನ್ನೂ ತೋರಿಸಿಲ್ಲ.